ತೋಟದ ಫೇಸ್‌ಬುಕ್ ಪೇಜ್: ಕೀಲಿಕೈ ಯಾರ ಹತ್ತಿರ ಇರಬೇಕು?

ಬೈಂದೂರು ಕಡೆಯ ಕಲ್ಲಂಗಡಿ, ಬ್ರಹ್ಮಾವರ ಸುತ್ತಲಿನ ಕುಚ್ಚಲಕ್ಕಿ, ಕುಂದಾಪುರದ ಒಳಹಳ್ಳಿಗಳ ಗಾಣದ ಕೊಬ್ಬರಿ ಎಣ್ಣೆ, ಕಾಳುಮೆಣಸು, ಹಲಸಿನ ಹಪ್ಪಳ. ಈಗ ಇವಕ್ಕೆಲ್ಲ ಫೇಸ್‌ಬುಕ್ ಪೇಜ್, ವಾಟ್ಸಾಪ್ ಗ್ರೂಪ್ ಬಂದಿದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಸಂತೆ ಬಂದ್ ಆದಾಗ ಫೋನಿನಲ್ಲೇ ಮಾರಲು ಶುರು ಮಾಡಿದವರಲ್ಲಿ ಅನೇಕರು ಆಮೇಲೂ ಅದನ್ನು ಬಿಡಲಿಲ್ಲ. ನೇರ ಗ್ರಾಹಕರು ಸಿಕ್ಕರೆ ದರ ನಮ್ಮ ಕೈಯಲ್ಲೇ ಇರ್ತದೆ, ಅದಕ್ಕೇ.

ಆದರೆ ಇಂಥ ಗುಂಪುಗಳಲ್ಲಿ "ಪೇಜಿಗೆ ಅಡ್ಮಿನ್ ಯಾರು?" ಎಂದು ಕೇಳಿ ನೋಡಿ. ಹೆಚ್ಚಿನ ಕಡೆ ಬರುವ ಉತ್ತರ, "ಅದೆಲ್ಲ ನಮ್ ಮಾಣಿ ನೋಡ್ಕಂತ." ಮಾಣಿ ನೋಡಿಕೊಳ್ಳಲಿ, ಒಳ್ಳೆಯದೇ. ಓದು ಮುಗಿಸಿ ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಎಂತ ಮಾಡೂದು?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹತ್ತು ಜನ ಕಲ್ಲಂಗಡಿ ಬೆಳೆಗಾರರು ಸೇರಿ ಪೇಜ್ ಮಾಡಿದ್ದಾರೆ. ಮೂರು ವರ್ಷದಲ್ಲಿ ಐದು ಸಾವಿರ ಫಾಲೋವರ್ಸ್ ಆಗಿದ್ದಾರೆ. ಪೇಜ್ ಮಾಡಿಕೊಟ್ಟವನು ಒಬ್ಬರ ಅಣ್ಣನ ಮಗ, ಅಧಿಕಾರ ಇರುವುದು ಅವನೊಬ್ಬನಿಗೇ. ಮಾರ್ಚ್‌ನಲ್ಲಿ, ಹಣ್ಣು ಕೊಯ್ಲಿಗೆ ಬಂದಾಗ, ಅವನ ಪ್ರೊಫೈಲ್ ಹ್ಯಾಕ್ ಆಗುತ್ತದೆ. ಪೇಜಿನಲ್ಲಿ ಯಾರದ್ದೋ ಯುಪಿಐ ನಂಬರ್ ಹಾಕಿ "ಮುಂಗಡ ಕೊಟ್ಟವರಿಗೆ ರಿಯಾಯಿತಿ" ಎಂಬ ಪೋಸ್ಟ್ ಬೀಳುತ್ತದೆ. ಉಳಿದ ಒಂಬತ್ತು ಜನರಿಗೆ ಆ ಪೋಸ್ಟ್ ಅಳಿಸಲೂ ಆಗುವುದಿಲ್ಲ. ದೂರು ಕೊಟ್ಟು ಪೇಜ್ ವಾಪಸ್ ಬರುವ ತನಕ ಗದ್ದೆಯಲ್ಲಿ ಹಣ್ಣು ಕಾಯುವುದಿಲ್ಲ. ದುಡ್ಡು ಕಳೆದುಕೊಂಡ ಗ್ರಾಹಕರು ಮುಂದಿನ ವರ್ಷ ನಮ್ಮ ಹೆಸರು ಕಂಡರೂ ನಂಬುವುದಿಲ್ಲ.

ಇದನ್ನು ತಪ್ಪಿಸಲು ಕಂಪ್ಯೂಟರ್ ಕಲಿತಿರಬೇಕೆಂದಿಲ್ಲ. ಯಾರಿಗೆ ಎಷ್ಟು ಅಧಿಕಾರ ಎಂದು ಮೊದಲೇ ನಿರ್ಧಾರ ಮಾಡಿದರೆ ಸಾಕು.

ಪಾಸ್‌ವರ್ಡ್ ಹಂಚಬೇಡಿ

ಫೇಸ್‌ಬುಕ್ ಪೇಜಿಗೆ ಸಾಮಾನ್ಯವಾಗಿ ತನ್ನದೇ ಆದ ಪಾಸ್‌ವರ್ಡ್ ಇರುವುದಿಲ್ಲ. ಒಬ್ಬ ವ್ಯಕ್ತಿ ತನ್ನ ಸ್ವಂತ ಪ್ರೊಫೈಲಿನಿಂದ ಒಳಗೆ ಹೋಗಿ ಪೇಜ್ ನಡೆಸುತ್ತಾನೆ. ಹಾಗಾಗಿ "ಪೇಜಿನ ಪಾಸ್‌ವರ್ಡ್" ಎಂದು ನಾವು ಕೊಡುವುದು ನಮ್ಮ ಸ್ವಂತ ಖಾತೆಯದ್ದು. ಅದರ ಜೊತೆಗೆ ನಮ್ಮ ಮೆಸೇಜು, ಫೋಟೋ ಎಲ್ಲ ಅವರ ಕೈಗೆ ಹೋಗುತ್ತದೆ.

ಕೆಲವರು ಇದಕ್ಕೆ ಬೇರೆ ಉಪಾಯ ಮಾಡುತ್ತಾರೆ. ಸಂಘದ ಹೆಸರಿನಲ್ಲೇ ಒಂದು ಪ್ರೊಫೈಲ್ ತೆರೆದು ಅದರ ಪಾಸ್‌ವರ್ಡ್ ಎಲ್ಲರಿಗೂ ಕೊಡುತ್ತಾರೆ. ಪ್ರೊಫೈಲ್ ನಿಜವಾದ ವ್ಯಕ್ತಿಯ ಹೆಸರಿನಲ್ಲೇ ಇರಬೇಕು ಎಂಬುದು ಫೇಸ್‌ಬುಕ್ ನಿಯಮ. ಯಾವತ್ತಾದರೂ ಅದನ್ನು ಲಾಕ್ ಮಾಡಿ ಗುರುತಿನ ಚೀಟಿ ಕೇಳಿದರೆ ಸಂಘದ ಹೆಸರಿನ ಆಧಾರ್ ಎಲ್ಲಿಂದ ತರುವುದು? ಅದೊಂದೇ ಪ್ರೊಫೈಲಿಗೆ ಪೇಜಿನ ಅಧಿಕಾರ ಇದ್ದರೆ ಪೇಜೂ ಹೋಯಿತು ಅಂತಲೇ.

ಪ್ರತಿಯೊಬ್ಬರೂ ಅವರವರ ಸ್ವಂತ ಪ್ರೊಫೈಲಿನಿಂದಲೇ ಪೇಜಿಗೆ ಬರಲಿ. ಅಧಿಕಾರ ಮಾತ್ರ ಕೆಲಸಕ್ಕೆ ತಕ್ಕಷ್ಟು ಇರಲಿ.

ಅಧಿಕಾರದಲ್ಲಿ ಮೂರು ಮಟ್ಟ

ಪೂರ್ಣ ನಿಯಂತ್ರಣ: ಮೊಬೈಲಿನಲ್ಲಿ 'ಫುಲ್ ಕಂಟ್ರೋಲ್' ಎಂದು ಕಾಣುತ್ತದೆ. ಇದು ಇದ್ದವರು ಹೊಸಬರನ್ನು ಸೇರಿಸಬಹುದು, ಇದ್ದವರನ್ನು ತೆಗೆಯಬಹುದು, ಪೇಜನ್ನೇ ಅಳಿಸಬಹುದು. ಪೇಜ್ ಶುರು ಮಾಡಿದವರನ್ನೂ ಇವರು ಹೊರಗೆ ಹಾಕಬಹುದು. "ನಾನೇ ಮಾಡಿದ ಪೇಜ್" ಎಂಬ ಮಾತಿಗೆ ಅಲ್ಲಿ ಬೆಲೆ ಇಲ್ಲ.

ಭಾಗಶಃ ನಿಯಂತ್ರಣ: ಇವರು ಪೋಸ್ಟ್ ಹಾಕಬಹುದು, ಮೆಸೇಜಿಗೆ ಉತ್ತರ ಕೊಡಬಹುದು, ಕಾಮೆಂಟ್ ನೋಡಿಕೊಳ್ಳಬಹುದು, ಜಾಹೀರಾತು ಕೊಡಬಹುದು. ಬೇರೆಯವರನ್ನು ಸೇರಿಸುವ, ತೆಗೆಯುವ ಅಧಿಕಾರ ಇರುವುದಿಲ್ಲ.

ಟಾಸ್ಕ್ ಆಕ್ಸೆಸ್: ಇದು ಇನ್ನೂ ಕಡಿಮೆ. ಮೆಸೇಜ್ ಮಾತ್ರ, ಜಾಹೀರಾತು ಮಾತ್ರ, ಲೆಕ್ಕ ನೋಡಲು ಮಾತ್ರ ಎಂದು ಬಿಡಿಬಿಡಿಯಾಗಿ ಕೊಡಬಹುದು. ಇವರು ಫೇಸ್‌ಬುಕ್ ಒಳಗೆ ಪೇಜಿನ ಹೆಸರಿಗೆ ಬದಲಾಗಲು ಬರುವುದಿಲ್ಲ. ಮೆಟಾ ಬಿಸಿನೆಸ್ ಸೂಟ್ ಎಂಬ ಬೇರೆ ಆ್ಯಪ್‌ನಲ್ಲಿ ಕೆಲಸ ಮಾಡುತ್ತಾರೆ.

ಕಾಯಿ ಕೊಯ್ಯಲು ಬಂದವರಿಗೆ ತೋಟದ ಗೇಟ್ ತೆಗೆದು ಕೊಡ್ತೇವೆ, ಮನೆ ಕಪಾಟಿನ ಕೀಲಿಕೈ ಕೊಡುವುದಿಲ್ಲ. ಇಲ್ಲಿಯೂ ಲೆಕ್ಕ ಅಷ್ಟೇ.

ಯಾರಿಗೆ ಎಷ್ಟು?

ಹತ್ತಿಪ್ಪತ್ತು ಜನರ ಗುಂಪಿಗೆ ನನ್ನ ಸಲಹೆ ಹೀಗೆ:

- ಪೂರ್ಣ ನಿಯಂತ್ರಣ ಇಬ್ಬರಿಗೆ. ಒಬ್ಬರಿಗೇ ಕೊಟ್ಟರೆ ಅವರ ಖಾತೆ ಹೋದ ದಿನ ಎಲ್ಲವೂ ಹೋಗುತ್ತದೆ. ಐದಾರು ಜನರಿಗೆ ಕೊಟ್ಟರೆ ಅಷ್ಟು ಬಾಗಿಲು ತೆರೆದಿಟ್ಟ ಹಾಗೆ. ಇಬ್ಬರೂ ಬೆಳೆಗಾರರೇ ಆಗಿರಲಿ, ಆದರೆ ಒಂದೇ ಮನೆಯವರು ಬೇಡ. ಸಾಧ್ಯವಾದರೆ ಒಂದೇ ಊರಿನವರೂ ಬೇಡ. ಮಳೆಗಾಲದಲ್ಲಿ ಕೊಲ್ಲೂರು, ಜಡ್ಕಲ್, ಅಮಾಸೆಬೈಲು ಕಡೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ಒಬ್ಬರು ಅಲ್ಲಿಯವರಾದರೆ ಇನ್ನೊಬ್ಬರು ಪೇಟೆ ಹತ್ತಿರದವರಿರಲಿ.
- ಫೋಟೋ, ವೀಡಿಯೋ ಹಾಕುವ ಮಾಣಿಗೆ ಅಥವಾ ಹುಡುಗಿಗೆ ಭಾಗಶಃ ನಿಯಂತ್ರಣ. ಅವರ ಕೆಲಸಕ್ಕೆ ಅದು ಧಾರಾಳ ಸಾಕು.
- ಆರ್ಡರ್ ಬರೆದುಕೊಳ್ಳುವವರಿಗೆ ಮೆಸೇಜಿನ ಟಾಸ್ಕ್ ಮಾತ್ರ. ಗ್ರಾಹಕರ ಫೋನ್ ನಂಬರ್, ಮನೆ ವಿಳಾಸ ಎಲ್ಲ ಅಲ್ಲೇ ಇರುತ್ತದೆ. ಹಾಗಾಗಿ ನಂಬಿಕಸ್ಥರಿಗೇ ಕೊಡಿ.
- ಜಾಹೀರಾತು ಮಾಡಿಕೊಡುವ ಹೊರಗಿನವರಿಗೆ ಜಾಹೀರಾತಿನ ಟಾಸ್ಕ್ ಮಾತ್ರ, ಅದೂ ಕೆಲಸ ಮುಗಿಯುವ ತನಕ.

ಹೊರಗಿನ ಏಜೆನ್ಸಿ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಕೆಲವರು ಕೆಲಸಕ್ಕೆ ಬೇಕಾದಷ್ಟು ಆಕ್ಸೆಸ್ ಕೇಳುವ ಬದಲು ಪೇಜನ್ನೇ ತಮ್ಮ ಬಿಸಿನೆಸ್ ಖಾತೆಯ ಒಳಗೆ ಸೇರಿಸಿಕೊಳ್ಳಲು ಒಪ್ಪಿಗೆ ಕೇಳುತ್ತಾರೆ. ಒಪ್ಪಿದರೆ ಪೇಜಿನ ಒಡೆತನ ಅವರ ಖಾತೆಯದ್ದಾಗುತ್ತದೆ. ನೋಟಿಫಿಕೇಶನ್ ಬಂದ ಕೂಡಲೇ 'ಸರಿ' ಎಂದು ಒತ್ತಬೇಡಿ. ಏನು ಕೇಳಿದ್ದಾರೆ ಎಂದು ಪೂರ್ತಿ ಓದಿ, ಅರ್ಥವಾಗದಿದ್ದರೆ ಗೊತ್ತಿದ್ದವರಿಗೆ ತೋರಿಸಿ.

ಕೊಡುವುದು ಹೇಗೆ?

ಪೂರ್ಣ ನಿಯಂತ್ರಣ ಇದ್ದವರು ತಮ್ಮ ಪ್ರೊಫೈಲಿನಿಂದ ಪೇಜಿಗೆ ಬದಲಾಗಬೇಕು. ಸೆಟ್ಟಿಂಗ್ಸ್ ಒಳಗೆ 'ಪೇಜ್ ಆಕ್ಸೆಸ್' ಎಂಬುದನ್ನು ಹುಡುಕಿ. ಆ್ಯಪ್ ಅಪ್‌ಡೇಟ್ ಆದಾಗ ಮೆನು ಜಾಗ ಬದಲಾಗುತ್ತಿರುತ್ತದೆ, ಹೆಸರು ನೆನಪಿದ್ದರೆ ಸಿಗುತ್ತದೆ. ಈಗ ಯಾರ್ಯಾರಿಗೆ ಅಧಿಕಾರ ಇದೆ ಎಂಬ ಪಟ್ಟಿ ಅಲ್ಲೇ ಕಾಣುತ್ತದೆ. ಹೊಸಬರನ್ನು ಸೇರಿಸುವಾಗ ಹೆಸರು ಹುಡುಕಿ, ಫೋಟೋ ನೋಡಿ ಖಾತ್ರಿ ಮಾಡಿಕೊಳ್ಳಿ. ಶೆಟ್ಟಿ, ಪೂಜಾರಿ, ಆಚಾರ್ಯ ಎಂದು ಒಂದೇ ಹೆಸರಿನವರು ನಮ್ಮಲ್ಲಿ ನೂರಾರು ಜನ ಸಿಗುತ್ತಾರೆ! ಫುಲ್ ಕಂಟ್ರೋಲ್ ಕೊಡಬೇಕೋ ಎಂದು ಕೇಳುವ ಬಟನ್ ಬರುತ್ತದೆ, ಬೇಡದಿದ್ದರೆ ಅದನ್ನು ಮುಟ್ಟಬೇಡಿ. ಕೊನೆಗೆ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಆಚೆಯವರು ಆಹ್ವಾನ ಒಪ್ಪಿಕೊಂಡ ಮೇಲೆಯೇ ಅವರಿಗೆ ಅಧಿಕಾರ ಸಿಗುವುದು.

ವಾಟ್ಸಾಪ್, ಇನ್‌ಸ್ಟಾಗ್ರಾಂ, ಗೂಗಲ್ ಮ್ಯಾಪ್

ವಾಟ್ಸಾಪ್ ಬಿಸಿನೆಸ್ ಆ್ಯಪ್ ಒಂದು ನಂಬರಿನ ಮೇಲೆ ನಿಂತಿದೆ. ಮುಖ್ಯ ಫೋನ್ ಅಲ್ಲದೆ ಇನ್ನೂ 4 ಸಾಧನಗಳನ್ನು ಜೋಡಿಸಬಹುದು. ಆದರೆ ಜೋಡಿಸಿದವರಿಗೆ ಎಲ್ಲ ಮಾತುಕತೆಯೂ ಕಾಣುತ್ತದೆ, ಫೇಸ್‌ಬುಕ್‌ನ ಹಾಗೆ ಮಟ್ಟಗಳಿಲ್ಲ. 'ಲಿಂಕ್ಡ್ ಡಿವೈಸಸ್' ಒಳಗೆ ಹೋಗಿ ಆಗಾಗ ನೋಡಿ. ಗುರುತಿಲ್ಲದ ಕಂಪ್ಯೂಟರ್ ಇದ್ದರೆ ಲಾಗೌಟ್ ಮಾಡಿ. ಮುಖ್ಯ ಫೋನ್ 14 ದಿನ ಬಳಸದಿದ್ದರೆ ಜೋಡಿಸಿದವೆಲ್ಲ ತಾವಾಗಿ ಕಳಚಿಕೊಳ್ಳುತ್ತವೆ.

ಆ ನಂಬರಿನ ಸಿಮ್ ಯಾರ ಹೆಸರಿನಲ್ಲಿದೆ ಎಂಬುದೂ ಮುಖ್ಯ. ಕಲ್ಲಂಗಡಿ ಸೀಸನ್ ಮುಗಿದ ಮೇಲೆ ಸಿಮ್ಮನ್ನು ಡ್ರಾಯರಿಗೆ ಹಾಕಿಡುವವರು ಇದ್ದಾರೆ. ಪ್ರೀಪೇಯ್ಡ್ ನಂಬರ್ 90 ದಿನ ಬಳಕೆಯಲ್ಲಿ ಇಲ್ಲದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು, ಮುಂದೆ ಅದೇ ನಂಬರ್ ಬೇರೆಯವರಿಗೆ ಹೋಗಬಹುದು. ನಮ್ಮ ಒಟಿಪಿಯೂ ಅವರಿಗೇ ಹೋಗುತ್ತದೆ. ರೀಚಾರ್ಜ್ ತಪ್ಪಿಸಬೇಡಿ.

ವಾಟ್ಸಾಪ್ ಗ್ರೂಪಿಗೂ ಇಬ್ಬರು ಅಡ್ಮಿನ್ ಇರಲಿ. ಒಬ್ಬರೇ ಇದ್ದು ಅವರು ಹೊರಗೆ ಹೋದರೆ ವಾಟ್ಸಾಪ್ ತಾನೇ ಯಾರೋ ಒಬ್ಬ ಸದಸ್ಯರನ್ನು ಅಡ್ಮಿನ್ ಮಾಡಿಬಿಡುತ್ತದೆ. ಗ್ರಾಹಕರ ಗ್ರೂಪ್ ಆದರೆ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವ ಹಾಗೆ ಇಡಿ.

ಇನ್‌ಸ್ಟಾಗ್ರಾಂ ಖಾತೆಯನ್ನು ಪೇಜಿಗೆ ಜೋಡಿಸಿಕೊಂಡರೆ ಬಿಸಿನೆಸ್ ಸೂಟ್ ಮೂಲಕವೇ ನಡೆಸಬಹುದು, ಪಾಸ್‌ವರ್ಡ್ ಹಂಚುವ ಅಗತ್ಯ ಇಲ್ಲ. ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ತೋಟ ಅಥವಾ ಅಂಗಡಿ ಇದ್ದರೆ ಅಲ್ಲಿ 'ಓನರ್', 'ಮ್ಯಾನೇಜರ್' ಎಂದು ಎರಡು ಮಟ್ಟ ಇದೆ. ಫೋಟೋ, ಸಮಯ ಬದಲಾಯಿಸುವವರಿಗೆ ಮ್ಯಾನೇಜರ್ ಸಾಕು, ಓನರ್ ನೀವೇ ಇರಿ.

ವಾಪಸ್ ತೆಗೆಯುವುದೇ ಕಷ್ಟದ ಕೆಲಸ

ಅಧಿಕಾರ ಕೊಡುವುದು ಸುಲಭ. ಅಣ್ಣನ ಮಗನ ಹತ್ತಿರ "ಇನ್ನು ನಿನಗೆ ಪೇಜ್ ಬೇಡ" ಎನ್ನುವುದು ಹೇಗೆ? "ನನ್ನ ಮೇಲೆ ನಂಬಿಕೆ ಇಲ್ಯಾ?" ಎಂಬ ಮಾತು ಬಂದೇ ಬರುತ್ತದೆ. ಆ ಮುಜುಗರಕ್ಕೆ ಹೆದರಿ ನಾಲ್ಕು ವರ್ಷ ಹಿಂದೆ ಊರು ಬಿಟ್ಟವರ ಹೆಸರೂ ಪಟ್ಟಿಯಲ್ಲಿ ಹಾಗೇ ಉಳಿದಿರುತ್ತದೆ. ಅವರು ಕೆಟ್ಟದ್ದು ಮಾಡುತ್ತಾರೆ ಎಂದಲ್ಲ. ಅವರು ಮರೆತ ಹಳೆ ಖಾತೆ ಕಳ್ಳರ ಕೈಗೆ ಸಿಕ್ಕಿದರೆ ಅದೇ ದಾರಿಯಲ್ಲಿ ನಮ್ಮ ಪೇಜಿಗೂ ಬರುತ್ತಾರೆ. ಆಗ ಊರಿನವರ ಸಂಶಯ ಮೊದಲು ಬೀಳುವುದು ಆ ಹುಡುಗನ ಮೇಲೆಯೇ. ಹೆಸರು ತೆಗೆದರೆ ಅವನಿಗೂ ಕ್ಷೇಮ. ಇದನ್ನು ಅವನಿಗೆ ಬಿಡಿಸಿ ಹೇಳಿ, ಅರ್ಥ ಮಾಡಿಕೊಳ್ಳುತ್ತಾನೆ.

ವ್ಯಕ್ತಿ ನೋಡಿ ನಿರ್ಧಾರ ಮಾಡಲು ಹೋದರೆ ಮನಸ್ತಾಪ ತಪ್ಪಿದ್ದಲ್ಲ, ಮೊದಲೇ ನಿಯಮ ಮಾಡಿಕೊಂಡರೆ ಯಾರಿಗೂ ಬೇಸರ ಇಲ್ಲ. ವರ್ಷಕ್ಕೆ ಎರಡು ಸಲ, ಮಳೆಗಾಲ ಶುರುವಾಗುವ ಮೊದಲು ಮತ್ತು ದೀಪಾವಳಿ ಕಳೆದ ಮೇಲೆ, ಪಟ್ಟಿ ತೆಗೆದು ನೋಡುವುದು. ಆ ಸೀಸನ್ನಿನಲ್ಲಿ ಕೆಲಸ ಮಾಡದವರ ಹೆಸರು ತೆಗೆಯುವುದು, ಬೇಕಾದಾಗ ಮತ್ತೆ ಸೇರಿಸುವುದು. ನೋಂದಾಯಿತ ರೈತ ಉತ್ಪಾದಕ ಕಂಪನಿ ಅಥವಾ ಸ್ವಸಹಾಯ ಸಂಘವಾದರೆ ಪೂರ್ಣ ನಿಯಂತ್ರಣ ಯಾರಿಬ್ಬರದ್ದು ಎಂದು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಪದಾಧಿಕಾರಿ ಬದಲಾದ ದಿನ ಬ್ಯಾಂಕಿನ ಸಹಿ ಬದಲಾಯಿಸುವ ಹಾಗೆ ಇದನ್ನೂ ಬದಲಾಯಿಸಿ.

ಕಳ್ಳರು ಬರುವ ದಾರಿ

"ನಿಮ್ಮ ಪೇಜ್ ನಿಯಮ ಮುರಿದಿದೆ, 24 ಗಂಟೆಯಲ್ಲಿ ಅಳಿಸುತ್ತೇವೆ, ಈ ಲಿಂಕ್ ಒತ್ತಿ" ಎಂಬ ಮೆಸೇಜ್ ಪೇಜಿನ ಇನ್‌ಬಾಕ್ಸಿಗೆ ಬರುತ್ತಿರುತ್ತದೆ. ಹೆಸರು, ಲೋಗೋ ಎಲ್ಲ ಮೆಟಾದ್ದೇ ಎಂಬ ಹಾಗೆ ಕಾಣುತ್ತದೆ. ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟರೆ ಕಥೆ ಮುಗಿಯಿತು. ಮೆಸೇಜ್ ನೋಡಿಕೊಳ್ಳುವವರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಿ.

ಪೇಜಿನಲ್ಲಿ ಅಧಿಕಾರ ಇರುವ ಪ್ರತಿಯೊಬ್ಬರೂ ತಮ್ಮ ಖಾತೆಗೆ ಎರಡು ಹಂತದ ದೃಢೀಕರಣ ಹಾಕಿಕೊಳ್ಳಲಿ. ಪಾಸ್‌ವರ್ಡ್ ಕದ್ದರೂ ಎರಡನೇ ಕೋಡ್ ಇಲ್ಲದೆ ಒಳಗೆ ಬರುವುದು ಕಷ್ಟ. ವಾಟ್ಸಾಪ್‌ನಲ್ಲಿಯೂ 6 ಅಂಕಿಯ ಪಿನ್ ಇಡುವ ಸೌಲಭ್ಯ ಇದೆ. ಒಟಿಪಿಯನ್ನು ಯಾರಿಗೂ, ಮನೆಯವರ ಹೆಸರಲ್ಲಿ ಮೆಸೇಜ್ ಬಂದರೂ, ಕಳಿಸಬೇಡಿ.

ಗ್ರಾಹಕರ ದುಡ್ಡು ಹೋಗಿದೆ ಎಂದು ಗೊತ್ತಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಲು ಹೇಳಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದೂರು ಕೊಡಬಹುದು. ಬೇಗ ಹೇಳಿದಷ್ಟು ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಈ ವಾರ ಮಾಡಬೇಕಾದ ಐದು ಕೆಲಸ

1. 'ಪೇಜ್ ಆಕ್ಸೆಸ್' ಪಟ್ಟಿ ತೆಗೆದು ಯಾರ್ಯಾರ ಹೆಸರಿದೆ ನೋಡಿ.
2. ಪೂರ್ಣ ನಿಯಂತ್ರಣ ಒಬ್ಬರಿಗೇ ಇದ್ದರೆ ಎರಡನೆಯವರನ್ನು ಸೇರಿಸಿ.
3. ಈಗ ಕೆಲಸ ಮಾಡದವರ ಹೆಸರನ್ನು ಅವರಿಗೆ ಹೇಳಿಯೇ ತೆಗೆಯಿರಿ.
4. ಎಲ್ಲರೂ ಎರಡು ಹಂತದ ದೃಢೀಕರಣ ಹಾಕಿಕೊಳ್ಳಿ.
5. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ಮತ್ತು ಸಿಮ್ ರೀಚಾರ್ಜ್ ಪರೀಕ್ಷಿಸಿ.

ಪೇಜ್ ಮಾಡಿದ ಮಾಣಿ ಊರಲ್ಲೇ ಇದ್ದರೆ ಇವತ್ತೇ ಕರೆದು ಕೂರಿಸಿಕೊಳ್ಳಿ. ಅರ್ಧ ಗಂಟೆಯ ಕೆಲಸ. ದೂರದಲ್ಲಿದ್ದರೆ ಭಾನುವಾರ ಫೋನ್ ಹಚ್ಚಿ, ಎರಡನೇ ವ್ಯಕ್ತಿಯನ್ನು ಸೇರಿಸುವುದನ್ನಾದರೂ ಅವತ್ತೇ ಮುಗಿಸಿ.