ಬಯಲುಸೀಮೆಯಿಂದ ಕಡಲಿಗೊಂದು ಹಗುರ ಹಾಯಿದೋಣಿ

ತುಮಕೂರು ನಗರದ ಅಂಚಿನ ಅಂತರಸನಹಳ್ಳಿಯನ್ನು ನಮ್ಮ ಜನ ತರಕಾರಿ ಮಾರುಕಟ್ಟೆಯಿಂದಲೂ ಕೈಗಾರಿಕಾ ಪ್ರದೇಶದಿಂದಲೂ ಬಲ್ಲರೇ ಹೊರತು, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಬಯಲಿನಲ್ಲಿ ಸಾಗರಯಾನದ ಮಾತೆತ್ತುವುದನ್ನು ಅಸಂಗತವೆಂದೇ ಎಣಿಸುವರು. ನಾನು ಹಾಗೆಣಿಸಲಾರೆ. ಹಗುರವಾದ ಹಾಯಿದೋಣಿಯನ್ನು ಕಟ್ಟುವ ವಿದ್ಯೆಯ ಸಾರವೆಲ್ಲ ನಾರನ್ನೂ ರಾಳವನ್ನೂ ಹದವರಿತು ಬೆಸೆಯುವ ಕೈಗಳಲ್ಲಿದೆ. ಅಂಥ ಕೈಗಳು ಈ ಪ್ರಸ್ಥಭೂಮಿಯಲ್ಲಿ ದಶಕಗಳಿಂದ ಪಳಗಿವೆ. 1993ರಲ್ಲಿ ಮೊದಲು ಹಾರಿದ ಹಂಸ ತರಬೇತಿ ವಿಮಾನದ ಗಾಜಿನೆಳೆಯ ಒಡಲು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಸಾಧನೆ. ತೇಜಸ್ ಯುದ್ಧವಿಮಾನದ ಇಂಗಾಲದ ನಾರಿನ ರೆಕ್ಕೆಯ ಹಿಂದೆಯೂ ಆ ಸಂಸ್ಥೆಯ ಪರಿಶ್ರಮವುಂಟು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಂತೂ ಅಂತರಸನಹಳ್ಳಿಗೆ ನೆರೆಯದೇ.

ತೂಕದ ವಿಷಯದಲ್ಲಿ ಇಷ್ಟು ಹಟವೇಕೆಂದರೆ, ಭಾರವಾದ ದೋಣಿಯು ತಾನೇ ಎಬ್ಬಿಸಿದ ಅಲೆಯ ತಗ್ಗಿನಲ್ಲಿ ಸಿಲುಕಿ, ಜಲರೇಖೆಯ ಉದ್ದ 36 ಅಡಿಯಿದ್ದಲ್ಲಿ, ಗಂಟೆಗೆ ಸುಮಾರು 8 ನಾವಿಕ ಮೈಲಿಗಳನ್ನು ಮೀರಲು ತಿಣುಕುವುದು. ಹಗುರವಾದುದು ಒಳ್ಳೆಯ ಗಾಳಿ ಬೀಸಿದಾಗ ಆ ಅಲೆಯನ್ನೇ ಹತ್ತಿ ನೀರಿನ ಮೇಲೆ ಜಾರತೊಡಗುವುದು. ಒಡಲಿನಲ್ಲಿ ಉಳಿತಾಯವಾದ ಭಾರವನ್ನು ತಳದ ಕೀಲ್‌ಗೆ ಸೀಸವಾಗಿ ಕೊಟ್ಟರೆ, ಮಗುಚುವ ಭಯ ಕಡಮೆಯಾಗಿ ಹೆಚ್ಚಿನ ಹಾಯಿಯನ್ನೂ ಬಿಚ್ಚಬಹುದು.

ಈ ಲಾಘವದ ಮರ್ಮವಿರುವುದು ಪದರಗಳ ಜೋಡಣೆಯಲ್ಲಿ. ಎರಡು ತೆಳುವಾದ ನಾರುಪದರಗಳ ನಡುವೆ ಬಾಲ್ಸಾ ಮರವನ್ನೋ ಪಿವಿಸಿ ಫೋಮನ್ನೋ ಇಟ್ಟು ಬೆಸೆದರೆ, ಆ ಪದರಗಳ ಅಂತರ ಹೆಚ್ಚಿದಷ್ಟೂ ಬಾಗದಿರುವ ಬಿಗುಪು ಆ ಅಂತರದ ವರ್ಗಕ್ಕನುಗುಣವಾಗಿ ಬೆಳೆಯುತ್ತದೆ. ತೂಕ ಏರುವುದು ಅತ್ಯಲ್ಪ. ಒಣಬಟ್ಟೆಯನ್ನು ಅಚ್ಚಿನಲ್ಲಿ ಹಾಸಿ, ಪ್ಲಾಸ್ಟಿಕ್ ಹೊದಿಕೆಯಿಂದ ಮುಚ್ಚಿ, ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿದಾಗ ಎಪಾಕ್ಸಿ ರಾಳ ಒಳನುಗ್ಗಿ ಎಳೆಎಳೆಯನ್ನೂ ನೆನೆಸುತ್ತದೆ. ಹೊದಿಕೆಯಲ್ಲಿ ಸೂಜಿಮೊನೆಯಷ್ಟು ಸೋರಿಕೆಯಿದ್ದರೂ ನೆನೆಯದ ಕಲೆಯೊಂದು ಉಳಿದು, ಮುಂದೆಂದೋ ಅಲೆಗಳ ನಿರಂತರಾಘಾತಕ್ಕೆ ಪದರವು ನಡುವಿನ ತಿರುಳನ್ನು ಬಿಟ್ಟೇಳಬಹುದು. ಹಾಗಾಗಿ ಬಣ್ಣ ಬಳಿಯುವ ಮೊದಲೇ ಒಡಲಿನ ಗೇಣುಗೇಣನ್ನೂ ತಟ್ಟಿ, ದನಿಯ ವ್ಯತ್ಯಾಸವನ್ನು ಆಲಿಸಿ ಪರೀಕ್ಷಿಸುವ ತಾಳ್ಮೆಯನ್ನು ನಾನು ಯಾವ ಯಂತ್ರಕ್ಕಿಂತಲೂ ಮಿಗಿಲೆಂದು ಭಾವಿಸುತ್ತೇನೆ.

ಹಗುರತನದ ಫಲವೇನೆಂಬುದನ್ನು ಎರಡು ಯಾನಗಳಲ್ಲಿ ಕಾಣಬಹುದು. ಗೋವೆಯಲ್ಲಿ ಮರದ ತಿರುಳಿಗೆ ಗಾಜಿನೆಳೆ ಹೊದಿಸಿ ಕಟ್ಟಿದ ಮಾದೇಯಿ ಎಂಬ ಹಾಯಿದೋಣಿಯಲ್ಲಿ ನಾವಿಕ ಅಭಿಲಾಷ್ ಟೋಮಿ 2012ರ ನವೆಂಬರ್ 1ರಂದು ಮುಂಬಯಿಯಿಂದ ಹೊರಟು, ಎಲ್ಲಿಯೂ ತಂಗದೆ ಏಕಾಂಗಿಯಾಗಿ ಭೂಮಂಡಲವನ್ನು ಸುತ್ತಿ 150 ದಿನಗಳಲ್ಲಿ ಮರಳಿದರು. ಇಂಗಾಲದ ನಾರಿನ 60 ಅಡಿಯ ಪಂದ್ಯದೋಣಿಯಲ್ಲಿ ಫ್ರಾನ್ಸಿನ ಚಾರ್ಲಿ ದಾಲಾಂ ಅಂಥದೇ ಪರಿಕ್ರಮವನ್ನು 2025ರ ಜನವರಿಯಲ್ಲಿ 65 ದಿನಕ್ಕೂ ಕಡಮೆ ಅವಧಿಯಲ್ಲಿ ಪೂರೈಸಿದರು. ಈ ಹೋಲಿಕೆ ಮಾದೇಯಿಯನ್ನು ಹೀಗಳೆಯಲು ಅಲ್ಲ. ಅದು ದಕ್ಷಿಣ ಮಹಾಸಾಗರವನ್ನು ತಾಳಿ ಬರಲೆಂದು ರೂಪುಗೊಂಡ ದೃಢಕಾಯೆ.

ನಮ್ಮವರು ಆರಂಭಿಸಬೇಕಾದುದು 60 ಅಡಿಯಿಂದಲ್ಲ. ಒಬ್ಬನೇ ನಾವಿಕ ಅಟ್ಲಾಂಟಿಕ್ ದಾಟುವ, 1977ರಿಂದ ನಡೆದುಬಂದಿರುವ ಮಿನಿ ಟ್ರಾನ್ಸಾಟ್ ಪಂದ್ಯದ ದೋಣಿಗೆ ಉದ್ದ 6.5 ಮೀಟರ್, ಅಗಲ ಹೆಚ್ಚೆಂದರೆ 3 ಮೀಟರ್. ಅದಕ್ಕೆ ಬೇಕಾದ ಅಚ್ಚು ಅಂತರಸನಹಳ್ಳಿಯ ಸಾಧಾರಣ ಷೆಡ್ಡಿನಲ್ಲಿಯೂ ಹಿಡಿಸುತ್ತದೆ. ಕಟ್ಟಿ ಮುಗಿದ ಒಡಲನ್ನು ಲಾರಿಯ ಮೇಲೆ ಓರೆಯಾಗಿ ನಿಲ್ಲಿಸಿದರೆ, ಕುಣಿಗಲ್, ಹಾಸನಗಳ ಮಾರ್ಗವಾಗಿ ಶಿರಾಡಿ ಘಾಟಿಯನ್ನಿಳಿಸಿ ಮಂಗಳೂರಿನ ನೀರಿಗೆ ಮುಟ್ಟಿಸಬಹುದು.