ಹಗ್ಗ ಹಿಡಿದ ನರ

ಕಬ್ಬು ನುರಿಸುವ ಹಂಗಾಮಿನಲ್ಲಿ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಯತ್ತ ಹೊರಟ ಎತ್ತಿನ ಗಾಡಿಯೊಂದನ್ನು ನೆನೆಸಿಕೊಳ್ಳಿ. ಎತ್ತಿಗೆ ಓಡುವ ಕಸುವಿದೆ. ಅದನ್ನು ನಡಿಗೆಗೆ ಇಳಿಸಿರುವುದು ಗಾಡಿಯವನ ಕೈಯ ಹಗ್ಗ. ಎದೆಯೊಳಗಿನ ಲೆಕ್ಕವೂ ಹೀಗೇ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ಮನೆ ಕೂತಾಗ ಅದು 70ರ ಆಸುಪಾಸಿನಲ್ಲಿರುವುದು, ಮಿದುಳಿನ ಬುಡದಿಂದ ಇಳಿದು ಬರುವ ವೇಗಸ್ ನರ ಹಗ್ಗ ಜಗ್ಗಿ ಹಿಡಿದಿರುವುದರಿಂದ. ಚಾಟಿ ಬೀಸುವುದು ಸಿಂಪಥೆಟಿಕ್ ಎಂಬ ಇನ್ನೊಂದು ನರಜಾಲ. ಹಾವು ಕಂಡರೆ, ಸಾಲ ಕೊಟ್ಟವನು ಬಾಗಿಲಿಗೆ ಬಂದರೆ, ಅದು ಮೂತ್ರಪಿಂಡದ ತಲೆಯ ಮೇಲೆ ಕೂತ ಅಡ್ರಿನಲ್ ಗ್ರಂಥಿಯನ್ನು ಎಬ್ಬಿಸುತ್ತದೆ. ಎದೆ ಡವಡವ, ಅಂಗೈ ಬೆವರು. ಹಾವು ಹರಿದುಹೋಗುತ್ತದೆ, ಸಾಲ ಹೋಗುವುದಿಲ್ಲ.

ಖಿನ್ನತೆ ಹಿಡಿದ ಅನೇಕರಲ್ಲಿ ಈ ಚಾಟಿ ಕೆಳಗಿಳಿಯುವುದೇ ಇಲ್ಲ. ವೈದ್ಯರ ಮುಂದೆ ಅವರು ಮನಸ್ಸಿನ ಮಾತೆತ್ತುವುದೂ ಇಲ್ಲ. 'ಗ್ಯಾಸು, ಎದೆ ಹೊಡ್ಕೊಳ್ತದೆ, ನಿದ್ದೆ ಹತ್ತಲ್ಲ' ಅನ್ನುತ್ತಾರೆ. ಅದೇನೂ ಸುಳ್ಳಲ್ಲ.

ಇನ್ನು ಖಿನ್ನತೆಯ ಮಾತ್ರೆ. ಊರಲ್ಲಿ ಎಲ್ಲದಕ್ಕೂ 'ನಿದ್ದೆ ಮಾತ್ರೆ' ಎಂಬ ಒಂದೇ ಹೆಸರು; ಎಡವಟ್ಟು ಶುರುವಾಗುವುದೇ ಅಲ್ಲಿ. 1961ರಿಂದ ಬಳಕೆಯಲ್ಲಿರುವ ಅಮಿಟ್ರಿಪ್ಟಿಲಿನ್ ಹಳೆಯ ಜಾತಿಯದು. ವೇಗಸ್ ನರದ ಮಾತನ್ನು ಹೃದಯಕ್ಕೆ ಮುಟ್ಟಿಸುವ ಅಸಿಟೈಲ್‌ಕೋಲಿನ್‌ಗೆ ಅದು ಅಡ್ಡ ನಿಲ್ಲುತ್ತದೆ, ಹಗ್ಗ ಸಡಿಲವಾಗುತ್ತದೆ. ನಾಡಿ ಏರುತ್ತದೆ, ನಾಲಿಗೆ ಅಂಗುಳಕ್ಕೆ ಅಂಟುತ್ತದೆ, ಮಲ ಕಟ್ಟುತ್ತದೆ. ಮಂಚದಿಂದ ತಟ್ಟನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುವುದೂ ಉಂಟು. ವೆನ್ಲಾಫ್ಯಾಕ್ಸಿನ್‌ನದು ಬೇರೆ ದಾರಿ. ಚಾಟಿಗೆ ಬಿರುಸು ಕೊಡುವ ನಾರ್‌ಅಡ್ರಿನಲಿನ್ ಹೆಚ್ಚು ಹೊತ್ತು ಉಳಿಯುವಂತೆ ಅದು ಮಾಡುವುದರಿಂದ, ಡೋಸ್ ಏರಿದಂತೆ ಬಿಪಿಯೂ ಏರಬಹುದು.

ಈಗ ಹೆಚ್ಚಾಗಿ ಬರೆಯುವ ಎಸ್ಸಿಟಲೋಪ್ರಾಮ್, ಸರ್ಟ್ರಲಿನ್ ಹಗ್ಗದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಅವುಗಳ ಕೆಲಸವೆಲ್ಲ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ. ದೇಹದ ಸೆರೊಟೋನಿನ್‌ನಲ್ಲಿ ಶೇ. 90ರಷ್ಟು ಇರುವುದು ಕರುಳಿನಲ್ಲಿ. ಮೊದಲ ವಾರ ಹೊಟ್ಟೆ ತೊಳಸುವುದು ಅದಕ್ಕೇ. ಕೆಲವರಿಗೆ ಬೆವರು, ಚಡಪಡಿಕೆ ಇದ್ದದ್ದಕ್ಕಿಂತ ಹೆಚ್ಚುತ್ತದೆ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ತೊಂದರೆ ಮೊದಲು, ಗುಣ ಆಮೇಲೆ: ಚೀಟಿ ಬರೆಯುವಾಗ ಈ ಮಾತನ್ನು ಹೇಳಿದರೆ ಅರ್ಧ ಜನ ಮಾತ್ರೆ ಬಿಸಾಡುವುದಿಲ್ಲವೇನೋ! ಹುಷಾರಾದ ಮೇಲೂ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕರೆಂಟು ಹೊಡೆದಂಥ ಜುಮುಗುಡುವಿಕೆ ಬರುತ್ತದೆ. ಹಂತಹಂತವಾಗಿ ಇಳಿಸಬೇಕು.

ಇದಕ್ಕೆಲ್ಲ ಬೆಂಗಳೂರಿನ ಬಸ್ಸು ಹಿಡಿಯಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಖಿನ್ನತೆ ಗುರುತಿಸಿ ಔಷಧ ಕೊಡಬಲ್ಲರೆಂದು ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಹೋಗುವಾಗ ಬಿಪಿ, ಶುಗರ್ ಮಾತ್ರೆಗಳ ಪಟ್ಟಿಯನ್ನೂ ಜೇಬಿನಲ್ಲಿಟ್ಟುಕೊಳ್ಳಿ. ಮಾತ್ರೆ ಶುರುವಾದ ಮೇಲೆ ಚಡಪಡಿಕೆ ತಡೆಯಲಾಗದಿದ್ದರೆ, ಸಾಯುವ ಯೋಚನೆ ಸುಳಿದರೆ, ವಾರ ಕಾಯಬೇಡಿ. ಅಂದೇ ವೈದ್ಯರಿಗೆ ತಿಳಿಸಿ. ನಡುರಾತ್ರಿಯಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.