ನಿಮಗಿದು ಗೊತ್ತೇ? ಹಲ್ಲು ಹುಳುಕಾಗುವ ಮೊದಲೇ ಲೆಕ್ಕ ಹಾಕಬಹುದು!

ನಿಮ್ಮ ಹಲ್ಲು ಮುಂದೆ ಹುಳುಕಾಗುತ್ತದೆಯೇ ಎಂಬುದಕ್ಕೆ ಅತಿ ದೊಡ್ಡ ಸುಳಿವು ಯಾವುದು ಹೇಳಿ? ಚಾಕೊಲೇಟ್ ಅಲ್ಲ, ಸಕ್ಕರೆಯೂ ಅಲ್ಲ. ಈಗಾಗಲೇ ಹುಳುಕಾಗಿರುವ ಹಲ್ಲು! ಒಮ್ಮೆ ಹುಳುಕು ಹಿಡಿದ ಬಾಯಿಗೆ ಅದು ಮತ್ತೆ ಬರುವ ಸಂಭವ ಹೆಚ್ಚು.

ಹುಳುಕು ಶುರುವಾಗುವುದು ಕಪ್ಪಾಗಿ ಅಲ್ಲ, ಬೆಳ್ಳಗೆ! ಹಲ್ಲು ಒದ್ದೆಯಿದ್ದಾಗ ಆ ಮಚ್ಚೆ ಕಣ್ಣಿಗೇ ಬೀಳದು. ಡಾಕ್ಟರು ಗಾಳಿ ಊದುವ ಕೊಳವೆ ಹಿಡಿದು 5 ಸೆಕೆಂಡ್ ಒಣಗಿಸುತ್ತಾರೆ. ಆಗ ನೋಡಿ, ಅಲ್ಲಿಯವರೆಗೆ ಹೊಳೆಯುತ್ತಿದ್ದ ಜಾಗದಲ್ಲಿ ಸುಣ್ಣ ಬಳಿದಂಥ ಮಂಕು ಚುಕ್ಕೆ! ಈ ಹಂತದಲ್ಲಿ ಡ್ರಿಲ್ ಬೇಕಿಲ್ಲ. ಫ್ಲೋರೈಡ್ ಮತ್ತು ಸರಿಯಾದ ಬ್ರಶಿಂಗ್‌ನಿಂದಲೇ ಆ ಜಾಗ ಮತ್ತೆ ಗಟ್ಟಿಯಾಗಬಲ್ಲದು.

ಇನ್ನೊಂದು ಅಚ್ಚರಿ. ಚೂಪು ಮೊನೆಯ ಸಲಾಕೆಯಿಂದ ಬಲವಾಗಿ ಚುಚ್ಚಿದರೆ ಆ ಮೆತ್ತಗಿನ ಚುಕ್ಕೆ ಒಡೆದು ನಿಜವಾದ ಗುಂಡಿಯೇ ಆಗಬಹುದು! ಅದಕ್ಕೇ ಈಗ ದಂತವೈದ್ಯ ವಿದ್ಯಾರ್ಥಿಗಳಿಗೆ ತುದಿಯಲ್ಲಿ ಪುಟ್ಟ ಗುಂಡು ಇರುವ ಸಲಾಕೆ ಬಳಸಲು ಹೇಳಿಕೊಡುತ್ತಾರೆ.

ನಿಮ್ಮ ಉಗುಳನ್ನೂ ಅಳೆಯುತ್ತಾರೆ! ರುಚಿಯಿಲ್ಲದ ಮೇಣದ ತುಂಡನ್ನು 5 ನಿಮಿಷ ಅಗಿಯಬೇಕು, ಬಂದ ಉಗುಳನ್ನೆಲ್ಲ ಅಳತೆಯ ಲೋಟಕ್ಕೆ ಉಗುಳಬೇಕು. ನಿಮಿಷಕ್ಕೆ 1 ಮಿಲಿಲೀಟರ್‌ಗಿಂತ ಹೆಚ್ಚಿದ್ದರೆ ಸಮಾಧಾನ. ಆಮೇಲೆ ಅದರ ಒಂದು ಹನಿಯನ್ನು ಪರೀಕ್ಷಾ ಪಟ್ಟಿಯ ಮೇಲೆ ಬಿಡುತ್ತಾರೆ. ಒಂದು ಬಗೆಯ ಪಟ್ಟಿಯಲ್ಲಿ ನೀಲಿ ಬಂದರೆ ಉಗುಳಿಗೆ ಹಲ್ಲನ್ನು ಹಾಳುಮಾಡುವ ಹುಳಿಯನ್ನು ತಡೆಯುವ ಶಕ್ತಿ ಇದೆ ಎಂದರ್ಥ. ಹಳದಿ ಬಂದರೆ ಕಡಿಮೆ! ಅಲರ್ಜಿ, ಖಿನ್ನತೆಯ ಕೆಲವು ಮಾತ್ರೆಗಳು ಬಾಯಿ ಒಣಗಿಸುತ್ತವೆ. ಹಾಗಾಗಿ ಡಾಕ್ಟರು ಕೇಳದಿದ್ದರೂ ನೀವು ನುಂಗುವ ಮಾತ್ರೆಗಳ ಹೆಸರು ಹೇಳಿಬಿಡಿ.

ಎಷ್ಟು ಸಿಹಿ ತಿಂದಿರಿ ಎಂಬುದಕ್ಕಿಂತ ಎಷ್ಟು ಸಲ ತಿಂದಿರಿ ಎಂಬುದೇ ಮುಖ್ಯ! ಸ್ವೀಡನ್ನಿನ ಲುಂಡ್ ಬಳಿಯ ವಿಪೆಹೋಮ್ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿಗೆ ದಿನಕ್ಕೆ 24 ಅಂಟು ಟಾಫಿ! ಊಟದ ನಡುನಡುವೆ ಅಂಟು ಸಿಹಿ ತಿಂದವರ ಹಲ್ಲುಗಳೇ ಹೆಚ್ಚು ಹಾಳಾದವು. ಆದರೆ ಅದನ್ನು ತಿಂದವರು ಬುದ್ಧಿಮಾಂದ್ಯತೆಯಿದ್ದ, ಒಪ್ಪಿಗೆ ಕೊಡಲಾಗದ ಜನ. ದೊಡ್ಡ ಅನ್ಯಾಯ ಅದು. ಇಂದು ಯಾವ ಡಾಕ್ಟರೂ ಅಂಥದ್ದನ್ನು ಮಾಡುವಂತಿಲ್ಲ.

ಸ್ವೀಡನ್ನಿನದೇ ಮತ್ತೊಂದು ಕೊಡುಗೆ ಕೇಳಿ. ಮಾಲ್ಮೋದ ಪ್ರೊಫೆಸರ್ ಡಗ್ಲಾಸ್ ಬ್ರಾಟ್‌ಹಾಲ್ 1990ರ ದಶಕದಲ್ಲಿ ಕ್ಯಾರಿಯೋಗ್ರಾಮ್ ಎಂಬ ಕಂಪ್ಯೂಟರ್ ಪ್ರೋಗ್ರಾಮ್ ರೂಪಿಸಿದರು. ತಿನ್ನುವ ಆಹಾರ, ಹಲ್ಲಿನ ಪಾಚಿ, ಬ್ಯಾಕ್ಟೀರಿಯಾ, ಉಗುಳು, ಫ್ಲೋರೈಡ್ ಹೀಗೆ 10 ಅಂಶಗಳಿಗೆ ಅಂಕ ಕೊಟ್ಟರೆ ಪರದೆಯ ಮೇಲೆ ಬಣ್ಣಬಣ್ಣದ ವೃತ್ತ ಮೂಡುತ್ತದೆ. ಅದರಲ್ಲಿ ಹಸಿರು ಭಾಗ ದೊಡ್ಡದಿದ್ದಷ್ಟೂ ಹೊಸ ಹುಳುಕಿನಿಂದ ತಪ್ಪಿಸಿಕೊಳ್ಳುವ ಅವಕಾಶ ದೊಡ್ಡದು! ಆ ಹತ್ತರಲ್ಲಿ ಒಂದು ಅಂಶ ಏನು ಗೊತ್ತೇ? ಡಾಕ್ಟರ ಸ್ವಂತ ಅಂದಾಜು! ಲೆಕ್ಕವೆಲ್ಲ ಸರಿಯಿದ್ದರೂ ಅನುಭವಿ ಕಣ್ಣಿಗೆ ಏನೋ ಸರಿಯಿಲ್ಲ ಅನ್ನಿಸಿದರೆ ಅದಕ್ಕೂ ಅಂಕ ಉಂಟು. ನನಗೆ ತುಂಬ ಹಿಡಿಸಿದ ಸಂಗತಿ ಇದು.

ಇದನ್ನೆಲ್ಲ ದಂತವೈದ್ಯ ಕಾಲೇಜಿನಲ್ಲೇ ಕಲಿಸಬೇಕೆಂದು ಯುರೋಪಿನ ತಜ್ಞರು 2011ರಲ್ಲಿ ಪಠ್ಯಕ್ರಮವನ್ನೇ ಪ್ರಕಟಿಸಿದರು. ಅದರ ಐದು ಭಾಗಗಳಲ್ಲಿ ಹುಳುಕಿನ ಅಪಾಯದ ಅಂದಾಜಿಗೂ ಜಾಗ ಸಿಕ್ಕಿದೆ.

ನೀವು ಕುಡಿಯುವ ನೀರು ಯಾವುದು ಎಂಬುದೂ ಲೆಕ್ಕಕ್ಕೆ ಬರುತ್ತದೆ! ಹುಳುಕು ತಡೆಯುವ ಫ್ಲೋರೈಡ್ ಅತಿಯಾದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡಿಸುತ್ತದೆ. ಕೋಲಾರ, ಪಾವಗಡದ ಕಡೆಯ ಕೊಳವೆಬಾವಿ ನೀರು ಕುಡಿದವರಿಗೆ ಇದು ಹೊಸದೇನಲ್ಲ. ಅಲ್ಲಿನ ಮಗುವಿಗೂ ಬೇರೆ ಊರಿನ ಮಗುವಿಗೂ ಒಂದೇ ಸಲಹೆ ಹೊಂದದು.

ಮುಂದಿನ ಸಲ ಹಲ್ಲಿನ ಡಾಕ್ಟರ ಬಳಿ ಹೋದಾಗ ನೋವಿರುವ ಹಲ್ಲನ್ನಷ್ಟೇ ತೋರಿಸಿ ಎದ್ದು ಬರಬೇಡಿ. "ಡಾಕ್ಟ್ರೇ, ನನಗೆ ಹೊಸ ಹುಳುಕು ಬರೋ ಸಂಭವ ಎಷ್ಟಿದೆ?" ಎಂದು ಕೇಳಿಯೇ ಬನ್ನಿ!